ಪಾದದ ನಡುಭಾಗದ ನೋವಿಗೆ ಮೆತ್ತನೆಯ ಚಪ್ಪಲಿಯೋ, ಬಾಗದ ಶೂವೋ?

ಪಾದದ ನಡುಭಾಗದ ಕೀಲುಗಳು ಸವೆದು ನೋವು ಶುರುವಾಗಿರುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೆತ್ತನೆಯ ಚಪ್ಪಲಿಗೆ ಹಣ ಹಾಕುವ ಮುನ್ನ ಬಾಗದ ಗಟ್ಟಿ ಅಟ್ಟೆಯ ಶೂ ಹಾಕಿಕೊಂಡು ನಡೆದು ನೋಡಿ. ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್ ರಬ್ಬರ್) ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ, ಅಳತೆ ಕೊಟ್ಟು ಮಾಡಿಸಿ ಶೂವಿನೊಳಗೆ ಇಡುವ ಕಮಾನಿನ ಆಸರೆ, ರಾಕರ್ ಸೋಲ್ ಅಂದರೆ ಮುಂಭಾಗ ಮೇಲಕ್ಕೆ ಬಾಗಿರುವ ಗಟ್ಟಿ ಅಟ್ಟೆಯ ಶೂ, ಸ್ಟೀರಾಯ್ಡ್ ಚುಚ್ಚುಮದ್ದು, ಈ ನಾಲ್ಕನ್ನೂ ನಾನು ಬಳಸಿದ್ದೇನೆ. ಪ್ರೌಢಶಾಲೆಯಲ್ಲಿ ದಿನದ ಬಹುಪಾಲು ನಿಂತೇ ಪಾಠ ಮಾಡುವ, ಮನೆಗೆ ಬಂದ ಮೇಲೂ ಅಡುಗೆ ಕಟ್ಟೆಯ ಮುಂದೆ ನಿಲ್ಲುವ ನನಗೆ ನೋವಿನ ಕಡೆ ಗಮನ ಹೋಗದಂತೆ ಒಂದು ಪೀರಿಯಡ್ ಮುಗಿಸಲು ಸಾಧ್ಯವಾದದ್ದು ಮೂರನೆಯದರಿಂದ.

ಹಿಮ್ಮಡಿಗೂ ಬೆರಳುಗಳ ಕಡೆಯ ನೀಳ ಮೂಳೆಗಳಿಗೂ ನಡುವೆ ಐದು ಸಣ್ಣ ಮೂಳೆಗಳು ಒಂದಕ್ಕೊಂದು ಒತ್ತಿಕೊಂಡು ಪಾದದ ಕಮಾನನ್ನು ಹಿಡಿದಿಡುತ್ತವೆ. ನೀಳ ಮೂಳೆಗಳು ಬಂದು ಸೇರುವ ಸಾಲಿಗೆ ಲಿಸ್‌ಫ್ರಾಂಕ್ ಕೀಲು ಎಂದು ಹೆಸರು. ಈ ಸಾಲಿನಲ್ಲಿ ಎರಡನೆಯ ನೀಳ ಮೂಳೆಯ ಬುಡ ಮಾತ್ರ ಅಕ್ಕಪಕ್ಕದವುಗಳಿಗಿಂತ ಹಿಂದಕ್ಕೆ ಸರಿದು ಒಂದು ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಸವೆತ ಹೆಚ್ಚಾಗಿ ಕಾಣಿಸುವುದು ಅಲ್ಲಿ, ನನಗೂ ಆಗಿರುವುದು ಅಲ್ಲಿಯೇ. ಮೆಟ್ಟಿಲು ಹತ್ತುವಾಗ, ಕಪ್ಪುಹಲಗೆಯ ಮೇಲ್ತುದಿಯಲ್ಲಿ ಬರೆಯಲು ತುದಿಗಾಲಿನ ಮೇಲೆ ನಿಲ್ಲುವಾಗ ಪಾದದ ಮೇಲ್ಭಾಗದಲ್ಲಿ ಚುಚ್ಚಿದಂತಾಗುತ್ತಿತ್ತು, ಬೆರಳಿಟ್ಟು ನೋಡಿದರೆ ಅದೇ ಜಾಗದಲ್ಲಿ ಮೂಳೆಯ ಗಟ್ಟಿ ಉಬ್ಬು ಸಿಗುತ್ತಿತ್ತು. ಮಲಗಿಸಿ ತೆಗೆದ ಎಕ್ಸ್-ರೇಯಲ್ಲಿ ಏನೂ ತೊಂದರೆ ಇಲ್ಲವೆಂದು ಬಂದಿತು. ಬೇರೊಬ್ಬ ಮೂಳೆ ವೈದ್ಯರು ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿಸಿ ತೆಗೆಸಿದಾಗ ಕೀಲಿನ ಸಂದು ಕಿರಿದಾಗಿರುವುದು ಸ್ಪಷ್ಟವಾಗಿ ಕಾಣಿಸಿತು. ಈ ನೋವಿಗೆ ಎಕ್ಸ್-ರೇ ಬರೆದುಕೊಟ್ಟರೆ, ನಿಂತುಕೊಂಡೇ ತೆಗೆಸಬೇಕೇ ಎಂದು ದಯವಿಟ್ಟು ಕೇಳಿ.

ನನ್ನ ಹೋಲಿಕೆ ಸವೆತದ ನೋವಿಗೆ ಮಾತ್ರ ಸಲ್ಲುತ್ತದೆ, ಏಕೆಂದರೆ ಅದೇ ಜಾಗದ ನೋವಿಗೆ ಬೇರೆ ಕಾರಣಗಳೂ ಇವೆ. ಕಾಲು ತಿರುಚಿ ಬಿದ್ದ ಮೇಲೆ ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ ಲಿಸ್‌ಫ್ರಾಂಕ್ ಅಸ್ಥಿರಜ್ಜು ಹರಿದಿರಬಹುದು. ಅದನ್ನು ಉಳುಕು ಎಂದು ಎಣ್ಣೆ ತಿಕ್ಕುತ್ತಾ ಕೂರಬಾರದು. ಓಡುವವರಲ್ಲಿ, ಜಿಗಿಯುವ ಆಟ ಆಡುವವರಲ್ಲಿ ನ್ಯಾವಿಕ್ಯುಲರ್ ಎಂಬ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುವುದುಂಟು, ಅದಕ್ಕೆ ಸಾಮಾನ್ಯವಾಗಿ 6ರಿಂದ 8 ವಾರ ಕಾಲೂರದೆ ಪ್ಲಾಸ್ಟರ್ ಪಟ್ಟಿಯಲ್ಲಿ ಇರಬೇಕಾಗುತ್ತದೆ. ಲೇಸು ಬಿಗಿಯಾಗಿ ಮೇಲಿನ ಸ್ನಾಯುರಜ್ಜು ಊದಿಕೊಂಡಿದ್ದರೆ ಲೇಸು ಸಡಿಲಿಸಿ, ಕೆಲವು ದಿನ ಕಾಲಿಗೆ ಬಿಡುವು ಕೊಟ್ಟರೆ ಬಹುತೇಕ ಇಳಿಯುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಸಕ್ಕರೆ ಕಾಯಿಲೆಯವರ ಪಾದ. ಒಂದೇ ಪಾದ ಬಿಸಿಯಾಗಿ, ಕೆಂಪಾಗಿ ಊದಿಕೊಂಡಿದ್ದು ನೋವು ಮಾತ್ರ ಅಷ್ಟಾಗಿ ಇಲ್ಲವೆಂದರೆ ಅದು ಶಾರ್ಕೋ ಪಾದ ಆಗಿರಬಹುದು. ನರಗಳು ಸ್ಪರ್ಶ ಕಳೆದುಕೊಂಡಿರುವುದರಿಂದ ನೋವು ಗೊತ್ತಾಗುವುದಿಲ್ಲ, ನಡೆದಷ್ಟೂ ಒಳಗಿನ ಮೂಳೆಗಳು ಮುರಿದು ಕಮಾನು ಕುಸಿಯುತ್ತದೆ. ಅಂಥವರು ಈ ಶೂ, ಆ ಚಪ್ಪಲಿ ಎಂದು ಯೋಚಿಸದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಎಂ.ಸಿ.ಆರ್. ಚಪ್ಪಲಿಯ ವಿಚಾರ. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಈ ರಬ್ಬರನ್ನು ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಿಗೆ ಹುಣ್ಣಾಗದಂತೆ ಬಳಕೆಗೆ ತಂದವರಲ್ಲಿ ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡ್ ಮುಖ್ಯರು. ಅಂಗಾಲಿನ ಮೇಲೆ ಒಂದೇ ಕಡೆ ಬೀಳುವ ಒತ್ತಡವನ್ನು ಹರಡುವುದು ಅದರ ಕೆಲಸ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ನಮ್ಮ ಅಕ್ಕನ ಹಿಮ್ಮಡಿ ನೋವಿಗೆ ಅದರಿಂದ ತುಂಬಾ ಅನುಕೂಲವಾಯಿತು, ಬೆಲೆಯೂ ಕೈಗೆಟುಕುವಂಥದು. ಆದರೆ ನನ್ನ ನೋವು ಒತ್ತಡದ್ದಲ್ಲ, ಬಾಗುವುದರದ್ದು. ಹೆಜ್ಜೆ ಎತ್ತುವಾಗ ಹಿಮ್ಮಡಿ ಮೇಲೆದ್ದು ಮುಂಗಾಲು ನೆಲದಲ್ಲೇ ಉಳಿದಿರುವ ಆ ಕ್ಷಣದಲ್ಲಿ ಸವೆದ ಕೀಲು ತೆರೆದುಕೊಳ್ಳಲು, ಒತ್ತಿಕೊಳ್ಳಲು ನೋಡುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮೆತ್ತನೆಯ ಚಪ್ಪಲಿ ಅದರ ಜೊತೆಗೇ ಬಾಗುತ್ತದೆ. ಹಾಕಿಕೊಂಡ ಮೊದಲ ಅರ್ಧ ಗಂಟೆ ಹಿತವೆನಿಸಿ, ಸಂಜೆಯ ಹೊತ್ತಿಗೆ ನೋವು ಬರಿಗಾಲಿನಲ್ಲಿದ್ದಷ್ಟೇ ಇರುತ್ತಿತ್ತು.

ಅಳತೆ ಕೊಟ್ಟು ಮಾಡಿಸಿದ ಆಸರೆಯಿಂದ ಅರ್ಧದಷ್ಟು ಗುಣ ಸಿಕ್ಕಿತು. ಅದು ಒಳಗಿನಿಂದ ಕಮಾನನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಚಪ್ಪಟೆ ಪಾದದವರಿಗೆ, ಒಳಪಾದದ ಟಿಬಿಯಾಲಿಸ್ ಸ್ನಾಯುರಜ್ಜು ಸೋತು ಕಮಾನು ಇಳಿಯುತ್ತಿರುವವರಿಗೆ ನನ್ನ ಆಯ್ಕೆಗಿಂತ ಅದೇ ಸೂಕ್ತವಾದೀತು. ನನಗೆ ಅಡ್ಡಿಯಾದದ್ದು ಅದರ ದಪ್ಪ. ಒಳಗೆ ಅದನ್ನು ಇಟ್ಟ ಕೂಡಲೇ ಪಾದ ಮೇಲೇರಿ, ಮೂಳೆಯ ಉಬ್ಬು ಶೂವಿನ ನಾಲಗೆಗೆ ಒತ್ತುತ್ತಿತ್ತು, ಹಿಮ್ಮಡಿ ಹಿಂದಿನಿಂದ ಜಾರುತ್ತಿತ್ತು.

ಗಟ್ಟಿ ಅಟ್ಟೆಯ ಶೂ ಕೊಳ್ಳುವಾಗ ಮಾರುವವರ ಮಾತಿಗಿಂತ ನಿಮ್ಮ ಕೈಯನ್ನು ನಂಬಿ. ಒಂದು ಕೈಯಲ್ಲಿ ಹಿಮ್ಮಡಿಯ ಭಾಗ, ಇನ್ನೊಂದರಲ್ಲಿ ತುದಿ ಹಿಡಿದು ಮಡಚಲು ನೋಡಿ; ನಡುವೆ ಮಡಚಿಕೊಂಡರೆ ಅದು ಎಷ್ಟೇ ದುಬಾರಿಯಾಗಿರಲಿ, ವಾಪಸ್ ಕೊಡಿ. ಆಮೇಲೆ ಮೇಜಿನ ಮೇಲಿಟ್ಟು ತುದಿಯನ್ನು ಒತ್ತಿ: ಮುಂಭಾಗ ತೂಗುಕುರ್ಚಿಯ ಕಾಲಿನಂತೆ ಮೇಲಕ್ಕೆ ಬಾಗಿದ್ದರೆ ಶೂ ತಾನಾಗಿ ಮುಂದಕ್ಕೆ ಉರುಳುತ್ತದೆ, ಅಂದರೆ ಪಾದ ಬಾಗಬೇಕಾದ ಕೆಲಸವನ್ನು ಅಟ್ಟೆಯೇ ಮಾಡುತ್ತದೆ. ಇಂಥ ಶೂ ಹತ್ತಿರದಲ್ಲಿ ಸಿಗದಿದ್ದರೆ ಅಟ್ಟೆ ಗಡುಸಾಗಿರುವ ಟ್ರೆಕ್ಕಿಂಗ್ ಶೂ ಕೊಂಡು, ಒಳಗೆ ಕಾರ್ಬನ್ ಫೈಬರಿನ ತೆಳು ತಗಡು ಹಾಕಿಕೊಳ್ಳಬಹುದು. ತಗಡು ತೆಳುವಾಗಿರುವುದರಿಂದ ಪಾದವನ್ನು ಮೇಲೆತ್ತುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಲೇಸು ಕಟ್ಟುವುದರಲ್ಲೂ ಒಂದು ಉಪಾಯವಿದೆ. ಉಬ್ಬು ಇರುವ ಕಡೆ ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯ ಮೇಲಿನ ತೂತಿಗೆ ನೇರವಾಗಿ ಏರಿಸಿ, ಅದರಾಚೆ ಮತ್ತೆ ಅಡ್ಡ ಹಾಕಿ. ಉಬ್ಬಿನ ಬಳಿ ಹಾದುಹೋಗುವ ನರದ ಮೇಲೆ ಒತ್ತಡ ತಪ್ಪಿದ್ದರಿಂದ ಹೆಬ್ಬೆರಳಿನ ಸಂದಿಯಲ್ಲಿ ಬರುತ್ತಿದ್ದ ಜೋಮು ನನಗೆ ಇದೊಂದರಿಂದಲೇ ನಿಂತಿತು. ಸೀರೆಯನ್ನು ಕೊಂಚ ಇಳಿಸಿ ಉಟ್ಟರೆ ದಪ್ಪ ಅಟ್ಟೆ ಕಾಣುವುದೂ ಇಲ್ಲ.

ಇಷ್ಟು ಒಳ್ಳೆಯ ಶೂವಿಗೆ ಇರುವ ಒಂದೇ ತೊಡಕು ನಮ್ಮ ಹೊಸ್ತಿಲು. ಈ ನೋವಿನ ಬಗ್ಗೆ ಹೊರದೇಶದವರು ಬರೆದ ಸಲಹೆಗಳಲ್ಲಿ ಮನೆಯೊಳಗೂ ಶೂ ಹಾಕಿಕೊಂಡಿರಿ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮ ಮನೆಗಳಲ್ಲಿ ಬಾಗಿಲಲ್ಲೇ ಶೂ ಬಿಡಬೇಕು, ಒಳಗೆ ಗ್ರಾನೈಟ್ ನೆಲ, ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಯೇ ಬರಿಗಾಲಿನದು. ಶಾಲೆಯಲ್ಲಿ ಆರಾಮಾಗಿದ್ದ ಕಾಲು, ರಾತ್ರಿ ಚಪಾತಿ ಲಟ್ಟಿಸಿ ಬೇಯಿಸುವಷ್ಟರಲ್ಲಿ ನೋಯಲು ಶುರುವಾಗುತ್ತಿತ್ತು. ನಮ್ಮತ್ತೆಯವರಿಗೆ ಅಡುಗೆ ಮನೆಗೆ ಚಪ್ಪಲಿ ಬರುವುದು ಸರಿ ಕಾಣುತ್ತಿರಲಿಲ್ಲ, ಅವರ ಮಾತನ್ನು ಮೀರುವ ಮನಸ್ಸು ನನಗೂ ಇರಲಿಲ್ಲ. ಹವಾಯಿ ಚಪ್ಪಲಿಯಂತೂ ಈ ನೋವಿಗೆ ಆಗುವುದಿಲ್ಲ, ಅದು ಜಾರದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಹಿಡಿದುಕೊಳ್ಳಬೇಕಾಗುತ್ತದೆ.

ಕೊನೆಗೆ ಹಿಂಬದಿ ಬಾರು ಇರುವ, ದಪ್ಪ ಗಟ್ಟಿ ಅಟ್ಟೆಯ ಸ್ಯಾಂಡಲ್ ಒಂದನ್ನು ಅಂಗಡಿಯಿಂದ ಡಬ್ಬಿಯ ಸಮೇತ ತಂದು, ಅತ್ತೆಯವರ ಎದುರಿಗೇ ತೆಗೆದು, ಇದು ಒಂದು ದಿನವೂ ಬೀದಿಗೆ ಇಳಿಯುವುದಿಲ್ಲ ಎಂದು ಹೇಳಿದೆ. ಅವರು ಅದನ್ನು ತಿರುಗಿಸಿ ನೋಡಿ, ದೇವರ ಕೋಣೆಯ ಹೊರಗೆ ಬಿಟ್ಟರೆ ಸಾಕಮ್ಮ ಎಂದರು. ಈಗ ಅದು ಮಂಚದ ಪಕ್ಕದಲ್ಲೇ ಇರುತ್ತದೆ, ಬೆಳಿಗ್ಗೆ ಕಾಲಿಡುವುದೇ ಅದರೊಳಕ್ಕೆ. ಆದ್ದರಿಂದ ಈ ಆಯ್ಕೆಯ ಖರ್ಚು ಲೆಕ್ಕ ಹಾಕುವಾಗ ಒಂದು ಜೋಡಿಯಲ್ಲ, ಎರಡು ಜೋಡಿ ಎಂದೇ ಹಾಕಿ. ದೇವಸ್ಥಾನಕ್ಕೆ ಮಾತ್ರ ನನ್ನಲ್ಲಿ ಪರಿಹಾರವಿಲ್ಲ. ಕಲ್ಲಿನ ನೆಲದ ಮೇಲೆ ಪ್ರದಕ್ಷಿಣೆ ಕಡಿಮೆ ಮಾಡಿ, ಪ್ರಾಂಗಣದಲ್ಲಿ ಕೂತು ಕೈಮುಗಿದು ಬರುತ್ತೇನೆ.

ಚುಚ್ಚುಮದ್ದು ನೋವನ್ನು ಬೇಗ ಇಳಿಸಿತು, ಆದರೆ ದಸರೆಗೆ ತೆಗೆದುಕೊಂಡದ್ದು ಸಂಕ್ರಾಂತಿಯ ತನಕ ಉಳಿಯಲಿಲ್ಲ. ಕೀಲು ತೀರಾ ಚಿಕ್ಕದಾದ್ದರಿಂದ ಅಲ್ಟ್ರಾಸೌಂಡ್ ಅಥವಾ ಎಕ್ಸ್-ರೇ ನೋಡಿಕೊಂಡು ಸೂಜಿ ಹಾಕುವ ಕಡೆ ಹೋಗಿ, ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ ಎಂಬುದು ನೆನಪಿರಲಿ. ಡೈಕ್ಲೋಫೆನಾಕ್ ಜೆಲ್ ನೋವು ಜಾಸ್ತಿಯಿರುವ ಸಂಜೆಗೆ ಸಾಕು. ಶಸ್ತ್ರಚಿಕಿತ್ಸೆ ನಾನು ಮಾಡಿಸಿಲ್ಲ. ಸವೆದ ಕೀಲನ್ನು ಸ್ಕ್ರೂ, ಪ್ಲೇಟು ಹಾಕಿ ಒಂದಾಗಿ ಬೆಸೆಯುತ್ತಾರೆ, ಹಲವು ವಾರ ಕಾಲೂರುವಂತಿಲ್ಲ, ಪೂರ್ತಿ ಚೇತರಿಕೆಗೆ ತಿಂಗಳುಗಳೇ ಬೇಕು; ಬಾಗದ ಶೂವಿನಿಂದಲೂ ದಿನ ದೂಡಲಾಗದವರಿಗೆ ಅದು ಇದ್ದೇ ಇದೆ.

ನನ್ನ ಸಂಬಳದಲ್ಲಿ, ನನ್ನ ನಿಲ್ಲುವ ಕೆಲಸದಲ್ಲಿ ಎರಡು ಜೋಡಿ ಗಟ್ಟಿ ಅಟ್ಟೆಗೆ ಹಾಕಿದ ಹಣ ಸಾರ್ಥಕ. ಕೂತು ಮಾಡುವ ಕೆಲಸವಿದ್ದು ಮನೆಯಲ್ಲೇ ಹೆಚ್ಚು ಇರುವವರು ಮೊದಲು ಒಳಗಿನ ಸ್ಯಾಂಡಲ್ ಕೊಂಡು ನೋಡಿ, ಹೊರಗಿನ ಶೂ ಆಮೇಲೆ ಆದೀತು. ತುದಿಯ ಬಾಗು ಸವೆದು ಸಪಾಟಾದ ದಿನ ಶೂ ಹೊಸದಾಗಿ ಕಂಡರೂ ಬದಲಾಯಿಸಿ. ಅಲ್ಲಿಂದಾಚೆಗೆ ಬಾಗುವ ಕೆಲಸ ಮತ್ತೆ ಪಾದಕ್ಕೇ ಬೀಳುತ್ತದೆ.