ದುಬೈನಲ್ಲಿ ಬಾಡಿಗೆ ಕಾರಾ, ಮೆಟ್ರೋನಾ? ನಾಲ್ಕು ನಾಲ್ಕು ದಿನ ನೋಡಿದ್ದು

ಡಿಸೆಂಬರಿನಲ್ಲಿ ಎಂಟು ದಿನ ದುಬೈನಲ್ಲಿದ್ದೆವು, ಕರಾಮಾದಲ್ಲಿರುವ ಅಕ್ಕನ ಮನೆಯಲ್ಲಿ. ಮೊದಲ ನಾಲ್ಕು ದಿನ ಬಾಡಿಗೆ ಕಾರು, ಆಮೇಲೆ ಮೆಟ್ರೋ ಮತ್ತು ಟ್ಯಾಕ್ಸಿ. ಹೋಲಿಸಿ ನೋಡೋಣ ಅಂತ ಮಾಡಿದ್ದಲ್ಲ, ನಾಲ್ಕನೇ ದಿನಕ್ಕೆ ನನಗೇ ಸಾಕಾಗಿತ್ತು.

ಕಾರು ಬೇಕಿದ್ದರೆ ಊರು ಬಿಡುವ ಮೊದಲೇ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ವಿಸಿಟ್ ವೀಸಾದಲ್ಲಿ ಹೋದವರಿಗೆ ಬರೀ ನಮ್ಮ ಲೈಸೆನ್ಸ್ ಸಾಲುವುದಿಲ್ಲ. ನನಗೆ ಚಿಕ್ಕ ಕಾರು ದಿನಕ್ಕೆ 110 ದಿರ್ಹಾಂಗೆ ಸಿಕ್ಕಿತು. ಜೊತೆಗೆ ಕ್ರೆಡಿಟ್ ಕಾರ್ಡಿನಲ್ಲಿ 1,000 ದಿರ್ಹಾಂ ಡೆಪಾಸಿಟ್ ಅಂತ ಹಿಡಿದಿಟ್ಟರು.

ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗಾಡಿ ಓಡುವುದು ಬಲಕ್ಕೆ. ಅರ್ಧ ದಿನದಲ್ಲಿ ಅಭ್ಯಾಸ ಆಗುತ್ತದೆ. ಕೊನೆತನಕ ಅಭ್ಯಾಸ ಆಗದೇ ಇದ್ದದ್ದು ಇಂಡಿಕೇಟರ್. ನಮ್ಮ ಮಾರುತಿಯಲ್ಲಿ ಬಲಗೈಗೆ ಸಿಗುವ ಕಡ್ಡಿ ಇಂಡಿಕೇಟರ್, ಅಲ್ಲಿ ಅದೇ ಕಡ್ಡಿ ವೈಪರ್. ಪ್ರತಿ ತಿರುವಿನಲ್ಲೂ ವೈಪರ್ ಎದ್ದು, ಒಣ ಗಾಜಿನ ಮೇಲಿದ್ದ ಮರಳಿನ ಪುಡಿಯನ್ನು ಕರಕರ ಅಂತ ಎಳೆಯುವುದು, ಹಿಂದಿನ ಸೀಟಿನಿಂದ ಭಾವ “ಮಳೆ ಬಂತಾ ಮಾರಾಯಾ?” ಅಂತ ಕೇಳುವುದು.

ಶೇಖ್ ಜಾಯೆದ್ ರಸ್ತೆ ನೋಡೋಕೆ ಚಂದ. ಆದರೆ ಎಕ್ಸಿಟ್ ಒಂದು ತಪ್ಪಿತೋ, ಸುತ್ತು ಹಾಕಿಕೊಂಡು ಬರಬೇಕು, ಆ ಸುತ್ತಿನಲ್ಲಿ ಇನ್ನೊಂದು ಟೋಲ್ ಬಿದ್ದರೂ ಬಿತ್ತು. ಅಲ್ಲಿನ ಟೋಲ್ ಹೆಸರು ಸಾಲಿಕ್. ನಮ್ಮ ಫಾಸ್ಟ್‌ಟ್ಯಾಗ್ ಟೋಲಿನಂತೆ ಕಂಬ ಎತ್ತುವುದಿಲ್ಲ, ನಿಲ್ಲುವುದೂ ಇಲ್ಲ, ಮೇಲೊಂದು ಕಮಾನು ಇರುತ್ತದೆ ಅಷ್ಟೇ. 2025ರ ಜನವರಿ ಕೊನೆಯಿಂದ, ಭಾನುವಾರ ಬಿಟ್ಟು, ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8 ಅಂದರೆ 6 ದಿರ್ಹಾಂ, ಉಳಿದ ಹೊತ್ತು 4, ರಾತ್ರಿ 1ರಿಂದ ಬೆಳಿಗ್ಗೆ 6ರ ತನಕ ಏನೂ ಇಲ್ಲ. ಬಾಡಿಗೆ ಕಾರಾದ್ದರಿಂದ ಟೋಲ್ ಕಟ್ಟಾದ ಮೆಸೇಜು ನಮಗೆ ಬರುವುದಿಲ್ಲ. ಕಾರು ವಾಪಸ್ ಕೊಟ್ಟಾಗಲೇ ಗೊತ್ತಾಗಿದ್ದು, ಒಂದೊಂದು ಗೇಟಿಗೂ ಅವರದ್ದೊಂದು ಸರ್ವಿಸ್ ಚಾರ್ಜ್ ಬೇರೆ! ಫೈನ್ ಏನಾದರೂ ತಡವಾಗಿ ಬಂದರೆ ಅಂತ ಡೆಪಾಸಿಟ್ಟನ್ನೂ ಇಟ್ಟುಕೊಂಡರು, ನನ್ನ ಕೈಗೆ ಬಂದಿದ್ದು 34 ದಿನಕ್ಕೆ, ನಾಲ್ಕು ಮೇಲ್ ಹಾಕಿದ ಮೇಲೆ.

ಅಬುಧಾಬಿಗೆ ಹೋಗುವವರು ಗಮನಿಸಿ. ದುಬೈನಲ್ಲಿ ಬೋರ್ಡಿನ ಸ್ಪೀಡಿಗಿಂತ 20 ಕಿ.ಮೀ. ಜಾಸ್ತಿ ಹೋದರೂ ಕ್ಯಾಮೆರಾ ಸುಮ್ನಿರುತ್ತದೆ. ಅಬುಧಾಬಿ ಗಡಿ ದಾಟಿದರೆ ಆ ರಿಯಾಯಿತಿ ಇಲ್ಲ, 2018ರಲ್ಲೇ ತೆಗೆದುಹಾಕಿದ್ದಾರೆ.

ಮೆಟ್ರೋ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಅದೇ ಅದರ ಗುಣ. ಸಿಲ್ವರ್ ನೋಲ್ ಕಾರ್ಡಿನಲ್ಲಿ (ಅಲ್ಲಿನ ಮೆಟ್ರೋ ರೀಚಾರ್ಜ್ ಕಾರ್ಡು) ದೂರ ನೋಡಿಕೊಂಡು 3ರಿಂದ 7.5 ದಿರ್ಹಾಂ. ಬುರ್ಜುಮಾನ್‌ನಲ್ಲಿ ಹತ್ತಿದರೆ ರೆಡ್ ಲೈನಿನಲ್ಲಿ ನೇರ ಬುರ್ಜ್ ಖಲೀಫಾ ಸ್ಟೇಷನ್. ಅಲ್ಲಿಂದ ದುಬೈ ಮಾಲ್‌ಗೆ ಎಸಿ ದಾರಿಯಲ್ಲೇ ನಡೆಯಬೇಕು, ಹತ್ತಿರ ಹತ್ತಿರ 800 ಮೀಟರ್, ಅತ್ತೆಗೆ ಮಂಡಿ ನೋವು ಬಂತು. ಒಮ್ಮೆ ಗುಲಾಬಿ ಗೆರೆ ದಾಟಿ ಹೆಂಗಸರ ಕಡೆ ನಿಂತುಬಿಟ್ಟಿದ್ದೆ, ಸಿಬ್ಬಂದಿಯೊಬ್ಬರು ಬೆರಳಲ್ಲೇ ಆಚೆ ತೋರಿಸಿದರು. ಪುಣ್ಯ, ಫೈನ್ ಹಾಕಲಿಲ್ಲ.

ಟ್ಯಾಕ್ಸಿ ಏರ್‌ಪೋರ್ಟಿನಿಂದ ಹತ್ತಿದರೆ ಮೀಟರ್ ಶುರುವಾಗುವುದೇ 25 ದಿರ್ಹಾಂಗೆ, ಸಾಲಿಕ್ ಕೂಡ ನಮ್ಮ ಮೇಲೆಯೇ. ಆದರೂ ನಾಲ್ಕು ಜನ ಇದ್ದರೆ ಸಂಜೆ ಹೊತ್ತು ಪಾರ್ಕಿಂಗ್ ಹುಡುಕುವುದಕ್ಕಿಂತ ಎಷ್ಟೋ ವಾಸಿ. ಕರಾಮಾದಲ್ಲಿ ಒಂದು ರಾತ್ರಿ ಜಾಗ ಸಿಗದೆ ಮೂರು ಬೀದಿ ಆಚೆ ಕಾರು ಬಿಟ್ಟು, ಇಡ್ಲಿ ಪಾರ್ಸೆಲ್ ಹಿಡಿದುಕೊಂಡು ನಡೆದು ಬಂದಿದ್ದೇವೆ.

ಕಾರಿನ ದುಡ್ಡು ವಸೂಲಾಗಿದ್ದು ಒಂದೇ ದಿನ. ಇ311 ಹೈವೇ ಹಿಡಿದು ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟಕ್ಕೆ ಹೋದ ದಿನ. ಬೋಳು ಬೆಟ್ಟ, ಹಾವಿನಂಥ ರಸ್ತೆ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಫ್ಲಾಸ್ಕಿನ ಚಹಾ. ಮುಂದಿನ ಸಲ ಆ ಒಂದು ದಿನಕ್ಕೆ ಮಾತ್ರ ಕಾರು, ಉಳಿದದ್ದಕ್ಕೆ ನೋಲ್ ಕಾರ್ಡು. ಆದರೆ ಇದು ಡಿಸೆಂಬರಿನ ಲೆಕ್ಕ. ಜುಲೈನಲ್ಲಿ ಹೋಗುವವರು ಸ್ಟೇಷನ್ನಿನಿಂದ ಮನೆಗೆ ಎಷ್ಟು ನಿಮಿಷದ ನಡಿಗೆ ಅಂತ ಮೊದಲು ಕೇಳಿಕೊಳ್ಳಿ.