ಮೆಗ್ವಾಯರ್ಸ್ ಅಲ್ಟಿಮೇಟ್ ಕಾಂಪೌಂಡ್: ಮಂಕಾದ ಬಣ್ಣಕ್ಕೆ ಎಷ್ಟು ಸಹಾಯ?

ಕಾರಿನ ಬಣ್ಣವನ್ನು ಉಜ್ಜಿ ಹೊಳಪು ತರುವ ದ್ರವ ಇದು, 450 ಮಿಲಿ ಬಾಟಲಿ. ಬಿಸಿಲಿಗೆ ಮಂಕಾದ ಮೇಲ್ಪದರಕ್ಕೂ ತೊಳೆಯುವಾಗ ಬಿದ್ದ ಬಲೆಯಂಥ ಗೆರೆಗಳಿಗೂ ಇದು ನಿಜಕ್ಕೂ ಒಳ್ಳೆಯದು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಮಾತ್ರ ಹೋಗದು. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಿಪ್ಪೆ ಏಳುತ್ತಿದ್ದರೆ ಬಾಟಲಿ ತೆರೆಯಲೇಬೇಡಿ, ಅದಕ್ಕೆ ಮರುಪೇಂಟಿಂಗ್ ಒಂದೇ ದಾರಿ.

ಕಾರನ್ನು ತೊಳೆದು, ಕ್ಲೇ ಬಾರ್‌ನಿಂದ (ಕೊಳೆ ಎಳೆದು ತೆಗೆಯುವ ಮೃದು ಜೇಡಿಯಂಥ ತುಂಡು) ಅಂಟಿದ ಕೊಳೆ ತೆಗೆಯದೆ ಉಜ್ಜಿದರೆ ಆ ಕಣಗಳೇ ಹೊಸ ಗೆರೆ ಎಳೆಯುತ್ತವೆ. ಲೋಹ ತಣ್ಣಗಿರಲಿ, ಬಿಸಿಯಾಗಿದ್ದರೆ ಕಾಂಪೌಂಡ್ ಒಣಗಿ ಅಂಟಿಕೊಳ್ಳುತ್ತದೆ. ಕಪ್ಪು ಪ್ಲಾಸ್ಟಿಕ್‌ಗೆ ಟೇಪ್ ಹಚ್ಚಿ, ಬಿಳಿ ಕಲೆ ಕೂತರೆ ತೆಗೆಯುವುದು ಕಷ್ಟ. ಡ್ಯುಯಲ್ ಆ್ಯಕ್ಷನ್ ಮೆಷಿನ್‌ನ (ತಿರುಗುತ್ತಲೇ ಅತ್ತಿತ್ತ ಅಲುಗುವ ಪಾಲಿಶ್ ಯಂತ್ರ) ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ 4 ಹನಿ ಸಾಕು. ಒಮ್ಮೆಗೆ ಎರಡಡಿ ಉದ್ದ, ಎರಡಡಿ ಅಗಲದ ಜಾಗ, ಅಡ್ಡ-ಉದ್ದ 4ರಿಂದ 6 ಸುತ್ತು, ತಕ್ಷಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬಾನೆಟ್‌ನ ಅಂಚುಗಳಲ್ಲಿ ಪದರ ತೆಳು, ಅಲ್ಲಿ ಒತ್ತಡ ಬೇಡ.

ಕೈಯಿಂದಲೂ ಉಜ್ಜಬಹುದು, ಚಿಕ್ಕ ಜಾಗಕ್ಕೆ ಸರಿ. ಇಡೀ ಕಾರಿಗೆ ತೋಳು ಸೋಲುತ್ತದೆ, ಹೊಳಪೂ ಒಂದೇ ಸಮ ಬಾರದು. ಗಾಢ ಬಣ್ಣದ ಕಾರಿನಲ್ಲಿ ಸಣ್ಣ ಮಬ್ಬು ಉಳಿದರೆ ಮೃದು ಪ್ಯಾಡಿನಲ್ಲಿ ಫಿನಿಷಿಂಗ್ ಪಾಲಿಶ್ (ಇನ್ನೂ ನಯವಾದ ಪಾಲಿಶ್) ಒಮ್ಮೆ ಓಡಿಸಿ. ಕಾಂಪೌಂಡ್‌ಗೆ ರಕ್ಷಿಸುವ ಗುಣವಿಲ್ಲ, ಹಾಗಾಗಿ ಕೊನೆಗೆ ವ್ಯಾಕ್ಸ್ ಬೇಕೇ ಬೇಕು. ಅದೂ ತೆಳ್ಳಗೆ, ದಪ್ಪ ಬಳಿದರೆ ಒರೆಸಿದಷ್ಟೂ ಪಟ್ಟೆ ಉಳಿಯುತ್ತದೆ.