ಚಕ್ಕುಲಿ ಡಬ್ಬಿ ಮತ್ತು ಮುಕ್ಕಾಲು ಔನ್ಸ್ ಅಕ್ವಾಸೀಲ್

ಬೆಂಗಳೂರಿನಲ್ಲಿ ಕೂತು ಡ್ರೈಸೂಟ್ ರಿಪೇರಿ ಮಾಡ್ತೀನಿ ಅಂದರೆ ಯಾರಿಗಾದರೂ ನಗು ಬರುವುದೇ. ಡ್ರೈಸೂಟ್ ಅಂದರೆ ತಣ್ಣೀರಿನ ಡೈವಿಂಗಿಗೆ ತೊಡುವ, ಒಳಗೆ ನೀರು ಬಿಡದ ಉಡುಪು. ನಮಗೆ ಸಮುದ್ರ ಅಂದರೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ, ಅಲ್ಲಿಗೆ ನೀರು ಒಳಗೆ ಬಿಡುವ 3 ಮಿ.ಮೀ. ವೆಟ್‌ಸೂಟ್ ಧಾರಾಳ ಸಾಕು. ನನ್ನ ಡ್ರೈಸೂಟ್ ಸ್ವೀಡನ್ನಿನಲ್ಲಿ ಕೆಲಸಕ್ಕಿದ್ದಾಗ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ವಾಪಸು ಬಂದ ಮೇಲೆ ಮೂರು ವರ್ಷ ನಾಗರಬಾವಿಯ ಮನೆಯ ಅಟ್ಟದಲ್ಲಿ, ಹಳೆಯ ಬೆಡ್‌ಶೀಟಿನೊಳಗೆ ಮಲಗಿತ್ತು. ಈಗ ಐಸ್‌ಲ್ಯಾಂಡಿನ ಸಿಲ್ಫ್ರಾ ಎಂಬ ನೀರು ತುಂಬಿದ ಬಿರುಕಿನಲ್ಲಿ ಇಳಿಯುವ ಆಸೆ ಹತ್ತಿದೆ. ಅಲ್ಲಿ ನೀರು 2ರಿಂದ 4 ಡಿಗ್ರಿ. ಕುತ್ತಿಗೆಯಲ್ಲಿ ಒಂದು ಲೋಟ ನೀರು ಒಳಗೆ ಹೋದರೂ ಡೈವ್ ಮುಗಿದ ಹಾಗೆ. ಆ ಸೂಟ್ ರಿಪೇರಿಗೆ ಬಳಸಿದ ಅಕ್ವಾಸೀಲ್ ಎಂಬ ಅಂಟಿನ ಬಗ್ಗೆ ಈ ಬರಹ.

ಅಟ್ಟದಿಂದ ಇಳಿಸಿ ಬಿಡಿಸಿದರೆ ಕುತ್ತಿಗೆಯಲ್ಲಿ ನೀರು ತಡೆಯುವ ಲೇಟೆಕ್ಸ್ ರಬ್ಬರಿನ ಸೀಲ್ ಹಲಸಿನ ಮೇಣವಾಗಿತ್ತು. ಮುಟ್ಟಿದ ಬೆರಳು ಅಲ್ಲೇ ಅಂಟಿತು. ನಮ್ಮದು ಸುಳ್ಯ ಕಡೆ. ರಬ್ಬರ್ ಹಾಲಿಗೆ ಫಾರ್ಮಿಕ್ ಆಸಿಡ್ ಬೆರೆಸಿ, ರೋಲರಿಗೆ ಕೊಟ್ಟು ಶೀಟ್ ಮಾಡುವುದನ್ನು ನೋಡಿಯೇ ಬೆಳೆದವನು. ಆ ಮರದ ಹಾಲೇ ಇದು ಅಂತ ಗೊತ್ತಿದ್ದೂ ಸೆಕೆಯಲ್ಲಿ, ಅದರಲ್ಲೂ ಮುಖಕ್ಕೆ ಹಚ್ಚಿದ ಕ್ರೀಮಿನ ಜಿಡ್ಡು ತೊಳೆಯದೆ, ಮಡಚಿಟ್ಟದ್ದು ನನ್ನದೇ ತಪ್ಪು. ಬಲಗೈ ಸೀಲಿನ ಮೇಲೆ ಕಂದು ಕಲೆ ಬೇರೆ. ಅದು ನನ್ನ ತಾಮ್ರದ ಕಡಗದ ಕೆಲಸ. ನೈಸರ್ಗಿಕ ರಬ್ಬರಿಗೆ ತಾಮ್ರ ಆಗಿಬರುವುದಿಲ್ಲ.

ಅಮ್ಮ ಅಡುಗೆಮನೆಯಿಂದ ತೆಂಗಿನೆಣ್ಣೆ ಬಾಟಲಿ ಹಿಡಿದೇ ಬಂದರು. "ಎಣ್ಣೆ ಪೂಸು ಮಗ, ಮೇಣ ಬಿಡ್ತದೆ."

"ಅಯ್ಯೋ ಬೇಡಮ್ಮ, ಎಣ್ಣೆ ತಾಗಿದ್ರೆ ರಬ್ಬರೂ ಹೋಗ್ತದೆ, ಆಮೇಲೆ ಬಟ್ಟೆಗೆ ಅಂಟೂ ಹಿಡಿಯೋದಿಲ್ಲ."

"ಹಾಗಾದ್ರೆ ಹಲಸಿನದ್ದೇ ವಾಸಿ," ಅಂದು ಹೋದರು.

ನಾನು ವಿಚಾರಿಸಿದ ಕಡೆಯಲ್ಲೆಲ್ಲ ಡ್ರೈಸೂಟ್ ಮುಟ್ಟಲು ಯಾರೂ ಒಪ್ಪಲಿಲ್ಲ. ವಿದೇಶಕ್ಕೆ ಕಳಿಸಿದರೆ ಸಾಗಣೆ ದುಡ್ಡಿನಲ್ಲೇ ಅರ್ಧ ಸೂಟ್ ಬರುತ್ತದೆ. ಹಾಗಾಗಿ ಹೊಸ ಲೇಟೆಕ್ಸ್ ಸೀಲನ್ನೂ ಅಕ್ವಾಸೀಲ್ ಎಫ್‌ಡಿಯ ಒಂದು ಟ್ಯೂಬನ್ನೂ ತರಿಸಿದೆ. ಗೇರ್ ಏಡ್ ಕಂಪನಿಯದು, ಹಿಂದೆ ಮೆಕ್‌ನೆಟ್ ಎಂಬ ಹೆಸರಿತ್ತು. ಮುಕ್ಕಾಲು ಔನ್ಸ್, ಅಂದರೆ 21 ಗ್ರಾಂ. ನೋಡಲು ಜೇನುತುಪ್ಪದ ಹಾಗೆ, ಒಣಗಿದ ಮೇಲೆ ಬಗ್ಗುವ ಗಟ್ಟಿ ರಬ್ಬರು.

ಅದು ಬರುವ ಮೊದಲು ತಾಳ್ಮೆಯಿಲ್ಲದೆ ಒಂದು ಎಡವಟ್ಟು ಮಾಡಿಕೊಂಡೆ. ಎಸ್‌ಜೆಪಿ ರಸ್ತೆಯಿಂದ ಚಪ್ಪಲಿಗೆ ಹಾಕುವಂಥ ಹಳದಿ ಅಂಟಿನ ಡಬ್ಬಿ ತಂದು, ಮೊದಲು ಮಣಿಕಟ್ಟಿನ ಸೀಲಿಗೆ ಪ್ರಯೋಗ ಮಾಡಿದೆ. ಈ ಜಾತಿಯ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಒಮ್ಮೆ ತಾಗಿತೋ, ಸರಿಸುವ ಮಾತೇ ಇಲ್ಲ. ನಾನು ದಪ್ಪಗೆ ಬಳಿದೆ, ಆರಲೂ ಬಿಡಲಿಲ್ಲ. ಒಂದು ಸುಕ್ಕು ಬಿತ್ತು. ಇಂಥ ಸುಕ್ಕು ಮಣಿಕಟ್ಟಿನಿಂದ ಮೊಣಕೈವರೆಗೆ ನೀರಿಗೆ ಕಾಲುವೆ ತೋಡಿಕೊಡಬಹುದು. ಅಂಟಿನದ್ದೇನೂ ತಪ್ಪಿಲ್ಲ, ಸೂಟ್ ರಿಪೇರಿಯಲ್ಲಿ ಕೈ ಪಳಗಿದವರು ಈ ಬಗೆಯದನ್ನೇ ಬಳಸುತ್ತಾರೆ, ಬಿಸಿ ಮಾಡಿದರೆ ಮುಂದೆ ಬಿಡಿಸಲೂ ಸುಲಭ. ನನ್ನಂಥ ಹೊಸಬರಿಗೆ ಅಲ್ಲ.

ಅಕ್ವಾಸೀಲಿನ ದೊಡ್ಡ ಗುಣ ನಿಧಾನ. ಹಚ್ಚಿದ ಮೇಲೂ ಸೀಲನ್ನು ಎಳೆದು, ತಿರುಗಿಸಿ, ಸಮ ಮಾಡಲು ಸಮಯ ಕೊಡುತ್ತದೆ. ಗಾಳಿಯ ತೇವದಿಂದ ಗಟ್ಟಿಯಾಗುವ ಯುರೆಥೇನ್ ಜಾತಿಯ ಅಂಟು ಇದು. ನಾನು ಅಂಟಿಸಿದ್ದು ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ, ಒಗೆದ ಬಟ್ಟೆ ಎರಡು ದಿನವಾದರೂ ಒಣಗದ ವಾರದಲ್ಲಿ. ಬಟ್ಟೆಗೆ ಕೆಟ್ಟದ್ದು ಅಂಟಿಗೆ ಒಳ್ಳೆಯದಾಯಿತು, ರಾತ್ರಿ ಹಚ್ಚಿದ್ದು ಬೆಳಗಿನ ಕಾಫಿ ಹೊತ್ತಿಗೆ ಬಿಗಿದಿತ್ತು. ಅವಸರದವರಿಗೆ ಬೆರೆಸಲು ಕೋಟಾಲ್ ಎಂಬ ದ್ರವ ಸಿಗುತ್ತದೆ, ಅದು ಹಾಕಿದರೆ ಸುಮಾರು ಎರಡು ಗಂಟೆಯ ಕೆಲಸ. ಹೊಸಬರು ಅದರ ತಂಟೆಗೆ ಹೋಗದಿರುವುದೇ ಕ್ಷೇಮ.

ಕೆಲಸ ನಡೆದದ್ದು ಹೀಗೆ. ಹಳೆಯ ಸೀಲನ್ನು ಹೇರ್‌ಡ್ರೈಯರಿನಲ್ಲಿ ಬಿಸಿ ಮಾಡುತ್ತಾ ಇಂಚಿಂಚೇ ಸುಲಿದೆ, ಒಂದೂವರೆ ಗಂಟೆ. ಸೂಟಿನ ಕುತ್ತಿಗೆಯ ಬಾಯಿ ಸುಕ್ಕಿಲ್ಲದೆ ದುಂಡಗೆ ನಿಲ್ಲಬೇಕಾದರೆ ಒಳಗೆ ಗಟ್ಟಿಯಾದದ್ದೇನಾದರೂ ಬೇಕು. ಮನೆಯ ಪಾತ್ರೆಗಳನ್ನೆಲ್ಲ ಟೇಪಿನಲ್ಲಿ ಅಳೆದೆ. ಅಮ್ಮನ ಚಕ್ಕುಲಿ ಡಬ್ಬಿ, 18 ಸೆಂ.ಮೀ. ಅಗಲ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಂಟು ಸ್ಟೀಲಿಗೆ ಹಿಡಿಯದಿರಲಿ ಅಂತ ಡಬ್ಬಿಗೆ ಪ್ಯಾಕಿಂಗ್ ಟೇಪ್ ಸುತ್ತಿದೆ. ಹೊಸ ಸೀಲಿನ ಅಂಚನ್ನು ಮರಳುಕಾಗದದಲ್ಲಿ ಉಜ್ಜಿ, ಎರಡೂ ಕಡೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಎರಡು ಸೆಂ.ಮೀ. ಅಗಲಕ್ಕೆ ಅಂಟು ಹರಡಿದೆ. ಹಳೆಯ ಎಟಿಎಂ ಕಾರ್ಡಿನ ಅಂಚು ಇದಕ್ಕೆ ಬ್ರಷ್‌ಗಿಂತ ಮೇಲು. ಸೀಲ್ ಹೊದಿಸಿ, ನಡುವಿನ ಗಾಳಿಗುಳ್ಳೆಗಳನ್ನು ಹೆಬ್ಬೆರಳಿನಲ್ಲಿ ಹೊರಕ್ಕೆ ನೂಕಿ, ಮೇಲಿಂದ ಸ್ಕೂಟರಿನ ಹಳೆಯ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿ ಮಲಗಿದೆ. ಕಿಟಕಿ ತೆರೆದಿಡಿ, ವಾಸನೆಗೆ ತಲೆನೋವು ಬರುತ್ತದೆ.

ಹೊಸ ಸೀಲ್ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಅರ್ಧ ನಿಮಿಷಕ್ಕೆ ಕಣ್ಣು ಮಂಜಾಯಿತು. ಬಿಗಿಯಾದ ಸೀಲ್ ಕುತ್ತಿಗೆಯ ರಕ್ತನಾಳವನ್ನು ಒತ್ತಿದರೆ ಎದೆಬಡಿತ ಇಳಿದು ತಲೆಸುತ್ತು ಬರುತ್ತದೆ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಟೈಲರ್ ಕತ್ತರಿಯಲ್ಲಿ, ಸೀಲಿನ ಮೇಲಿನ ಗೆರೆ ಹಿಡಿದು, ಒಂದೊಂದೇ ಉಂಗುರ ಕತ್ತರಿಸಿದೆ. ಕತ್ತರಿ ಎಲ್ಲೂ ನಿಲ್ಲಬಾರದು. ಅಂಚಿನಲ್ಲಿ ಸಣ್ಣ ಕಚ್ಚು ಉಳಿದರೂ ಅಲ್ಲಿಂದಲೇ ಹರಿಯುತ್ತದೆ. ಮೂರನೇ ಉಂಗುರಕ್ಕೆ ಸರಿಹೋಯಿತು.

ಇನ್ನು ಸೋರಿಕೆ ಪರೀಕ್ಷೆ. ನನ್ನ ಬಳಿ ಡೈವಿಂಗಿನ ಗಾಳಿ ಸಿಲಿಂಡರ್ ಇಲ್ಲ. ಕುತ್ತಿಗೆಗೆ ಮತ್ತದೇ ಡಬ್ಬಿ, ಒಂದು ಕೈಗೆ ನೀರಿನ ಬಾಟಲಿ, ಇನ್ನೊಂದಕ್ಕೆ ತೂತು ಕೊರೆದ ಬಾಟಲಿ ತುರುಕಿ, ಬಸ್‌ಸ್ಟಾಪ್ ಹತ್ತಿರದ ಪಂಚರ್ ಅಂಗಡಿಗೆ ಹೊತ್ತುಕೊಂಡು ಹೋದೆ. ಗಾಳಿ ಬಿಡುವ ವಾಲ್ವ್ ಎಡತೋಳಿನಲ್ಲಿದೆ, ಅದನ್ನು ಪೂರ್ತಿ ಬಿಗಿ ಮಾಡಿದೆ. ಅಂಗಡಿಯವರು ಕಂಪ್ರೆಸರ್ ಪೈಪನ್ನು ಬಾಟಲಿಯ ತೂತಿಗೆ ಹಿಡಿದು ಸ್ವಲ್ಪ ಸ್ವಲ್ಪವೇ ಬಿಟ್ಟರು. ಟಯರಿನ ಹಾಗೆ ಗಟ್ಟಿಯಾಗುವಷ್ಟು ತುಂಬಿದರೆ ಹೊಲಿಗೆ ಹೋಗುತ್ತದೆ, ಮೈ ಉಬ್ಬಿದರೆ ಸಾಕು. ಬೆಂಚಿನ ಮೇಲೆ ಸೂಟ್ ಎದ್ದು ಕೂತಿತು.

"ಏನ್ ಸಾರ್, ಗಗನಯಾನಕ್ಕೆ ಸೆಲೆಕ್ಟ್ ಆದ್ರಾ?"

"ಇಲ್ಲ ಅಣ್ಣ, ಕೆಳಗಡೆ ಹೋಗೋಕೆ."

ಶಾಂಪೂ ಕದಡಿದ ನೀರು ಸಿಂಪಡಿಸಿದೆ. ಕುತ್ತಿಗೆಯ ಸುತ್ತ ಒಂದು ಗುಳ್ಳೆಯೂ ಇಲ್ಲ! ಎಡಮೊಣಕೈ ಹತ್ತಿರ ಮಾತ್ರ, ಹುಳಿ ಬಂದ ದೋಸೆ ಹಿಟ್ಟಿನ ಮೇಲೆ ಏಳುವಂತೆ, ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಬರತೊಡಗಿದವು. ಅವರೇ ಚಾಕಿನಲ್ಲಿ ಸುತ್ತುಹಾಕಿ, "ಒಂದು ಪ್ಯಾಚ್ ಹಾಕ್ಬಿಡ್ಲಾ ಸಾರ್?" ಅಂದರು. ಅವರ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ: ಸೂಟಿನ ಟ್ರೈಲ್ಯಾಮಿನೇಟ್, ಅಂದರೆ ಮೂರು ಪದರದ, ಬಟ್ಟೆಯ ನಡುವಿನ ಪದರವೂ ಟಯರಿನೊಳಗಿನ ಟ್ಯೂಬಿನ ಹಾಗೆ ಬ್ಯೂಟೈಲ್ ರಬ್ಬರೇ. ಆದರೆ ಅದರ ಎರಡೂ ಕಡೆ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಇದೆಯಲ್ಲ, ಟಯರ್ ಪ್ಯಾಚ್ ಅದಕ್ಕೆ ಹಿಡಿಯುವುದಿಲ್ಲ. ಮನೆಗೆ ಬಂದು ಸೂಟನ್ನು ಒಳಮಗುಚಿ, ಬೇಳೆಕಾಳಿನಷ್ಟು ಅಕ್ವಾಸೀಲ್ ಹಚ್ಚಿದೆ. ಅಷ್ಟೇ. ಎರಡು ಚಕ್ರಕ್ಕೆ ಗಾಳಿ ಹಿಡಿಸಿದ ದುಡ್ಡಿನಲ್ಲಿ ಇಷ್ಟು ಒಳ್ಳೆಯ ಸರ್ವಿಸ್ ನನಗೆ ಸ್ವೀಡನ್ನಿನಲ್ಲೂ ಸಿಕ್ಕಿರಲಿಲ್ಲ.

ಗಾಳಿ ಬಿಡುವ ವಾಲ್ವ್ ಬಿಚ್ಚಿದಾಗ ಒಳಉಡುಪಿನ ನೂಲುಗಂಟು ಸಿಕ್ಕಿತು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದೆ, ಓ-ರಿಂಗಿಗೆ ಒಂಚೂರು ಸಿಲಿಕೋನ್ ಗ್ರೀಸ್. ಬೆನ್ನಿನ ಹಿತ್ತಾಳೆ ಜಿಪ್‌ಗೆ ಜೇನುಮೇಣ ಉಜ್ಜಿದ್ದು ಬಿಟ್ಟರೆ ಕೈ ಹಾಕಲಿಲ್ಲ. ಒಂದು ಹಲ್ಲು ಹೋದರೆ ಇಡೀ ಜಿಪ್ ಬದಲಿಸಬೇಕು, ಅದು ಚಕ್ಕುಲಿ ಡಬ್ಬಿಯಲ್ಲಿ ಆಗುವ ಕೆಲಸವಲ್ಲ.

ಕೊನೆಗೆ ಗೆಳೆಯನ ಅಪಾರ್ಟ್‌ಮೆಂಟಿನ ಈಜುಕೊಳ. ಇಪ್ಪತ್ತು ನಿಮಿಷ ನೀರಿನಲ್ಲಿದ್ದು ಹೊರಬಂದರೆ ಬನಿಯನ್ ಒದ್ದೆ! ಎದೆ ಧಸಕ್ಕೆಂದಿತು. ಬಿಚ್ಚಿ ಮೂಸಿದೆ. ಕ್ಲೋರಿನ್ ವಾಸನೆ ಇಲ್ಲ, ನನ್ನದೇ ಬೆವರು. ಸೋರಿದ್ದರೆ ಒಂದೇ ಕಡೆ ತೇಪೆಯಂತೆ ಒದ್ದೆಯಾಗುತ್ತಿತ್ತು. ಇದು ಬೆನ್ನು, ಎದೆ ಪೂರ್ತಿ. ಮೊಣಕೈ ಒಣಗಿತ್ತು.

ಅಕ್ವಾಸೀಲಿನ ಬಗ್ಗೆ ಎರಡು ತಕರಾರು. ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ, ಮುಂದಿನ ಸೀಲ್ ಬದಲಿಸುವಾಗ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಎರಡನೆಯದು, ತೆರೆದ ಟ್ಯೂಬ್ ಹೊರಗಿಟ್ಟರೆ ಒಳಗೇ ಕಲ್ಲಾಗುತ್ತದೆ. ಮುಚ್ಚಳ ಬಿಗಿದು ಫ್ರೀಜರಿನಲ್ಲಿಡಬೇಕು, ಮತ್ತೆ ತೆರೆಯುವ ಮೊದಲು ಹೊರಗಿಟ್ಟು ತಣಿವು ಹೋಗಲು ಬಿಡಬೇಕು. ನನ್ನದು ಈಗ ಎರಡು ಜಿಪ್ ಕವರಿನೊಳಗೆ, ತುರಿದ ಕಾಯಿಯ ಡಬ್ಬಿಯ ಪಕ್ಕದಲ್ಲಿದೆ. "ಅದು ಯಾವಾಗ ಹೋಗ್ತದೆ ಇಲ್ಲಿಂದ?" ಅಂತ ಅಮ್ಮ ದಿನಾ ಕೇಳುತ್ತಾರೆ. ಸುಕ್ಕುಬಿದ್ದ ಆ ಮಣಿಕಟ್ಟಿನ ಸೀಲ್ ಇನ್ನೂ ಬಾಕಿಯಿದೆ. ಅದಕ್ಕೆ ಲೀಟರ್ ಬಾಟಲಿ ಸಾಕು, ಚಕ್ಕುಲಿ ಡಬ್ಬಿಯನ್ನು ತೊಳೆದು ವಾಪಸು ಕೊಟ್ಟಿದ್ದೇನೆ.